ಮೂಗು ಸರಿಯಾಯಿತೇ ಎಂದು ಯಾರನ್ನು ಕೇಳಬೇಕು?

ಅಪಘಾತದಲ್ಲೋ ಆಟದಲ್ಲೋ ಹೊಡೆತದಲ್ಲೋ ಮೂಗು ಮುರಿದುಕೊಂಡವರು ಅದನ್ನು ಸರಿಪಡಿಸಿಕೊಳ್ಳಲು ಮಾಡಿಸುವ ಶಸ್ತ್ರಚಿಕಿತ್ಸೆಗೆ ನಮ್ಮವರ ವೈದ್ಯಕೀಯ ನೆರವಿನ ನಿಧಿಯಲ್ಲಿ ಪಾಲಿರಬೇಕು. ಆ ಚಿಕಿತ್ಸೆ ಫಲಿಸಿತೋ ಇಲ್ಲವೋ ಎಂಬುದನ್ನು ಚಿಕಿತ್ಸೆ ಪಡೆದವರನ್ನೇ ಕೇಳಿ ಬರೆದಿಡಬೇಕು. ಮುಂಬಯಿಯ ಗೋರೆಗಾಂವ್‌ನ ಕನ್ನಡಿಗರ ನಡುವೆ ನಾನು ಮುಂದಿಟ್ಟ ಮಾತು ಇಷ್ಟೇ. ಇದಕ್ಕೆ ವಿರೋಧ ಬಂತು. ವಿರೋಧಿಸಿದವರಲ್ಲಿ ನಾನು ಗೌರವಿಸುವ ಹಿರಿಯರಿದ್ದಾರೆ, ಲೆಕ್ಕಪತ್ರ ನೋಡಿಕೊಳ್ಳುವವರಿದ್ದಾರೆ, ವೈದ್ಯವೃತ್ತಿಯವರೂ ಇದ್ದಾರೆ. ಅವರ ಆಕ್ಷೇಪಗಳನ್ನು ಅವರು ಆಡಿದ ಧಾಟಿಯಲ್ಲೇ ಇಟ್ಟು ಒಂದೊಂದಕ್ಕೂ ಉತ್ತರಿಸುತ್ತೇನೆ.

ಮೊದಲು ಯಾರ ಮಾತು ಆಡುತ್ತಿದ್ದೇವೆ ಎಂಬುದು ಸ್ಪಷ್ಟವಿರಲಿ. ಎಸ್.ವಿ. ರೋಡಿನಲ್ಲಿ ಬೈಕ್ ಮೇಲೆ ಪಾರ್ಸೆಲ್ ಒಯ್ಯುವವರು, ಬೆಳಗಿನ ಚರ್ಚ್‌ಗೇಟ್ ಲೋಕಲ್‌ನ ಬಾಗಿಲಲ್ಲಿ ಜೋತುಬೀಳುವವರು, ಹೋಟೆಲಿನ ಒದ್ದೆ ನೆಲದ ಮೇಲೆ ಪಾತ್ರೆ ಹೊತ್ತು ಓಡಾಡುವವರು, ಸಂಜೆ ಕಬಡ್ಡಿಗೆ ಇಳಿಯುವ ಹುಡುಗರು, ಚಿತ್ರನಗರಿಯ ಸೆಟ್‌ಗಳಲ್ಲಿ ಏಣಿ ಹತ್ತಿ ದೀಪ ಕಟ್ಟುವವರು, ಮನೆಯೊಳಗೆ ಗಂಡನ ಏಟು ತಿನ್ನುವ ಹೆಂಗಸರು. ಮುಖದ ಎಲುಬುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮುರಿಯುವುದು ಮೂಗಿನ ಎಲುಬು. ಅದು ಮುಂದಕ್ಕೆ ಚಾಚಿಕೊಂಡಿದೆ, ತೆಳ್ಳಗೂ ಇದೆ. ಹಾಗಾಗಿ ಈ ಚರ್ಚೆಯಲ್ಲಿರುವವರು ಹೆಚ್ಚಿನಂಶ ಮೈಮುರಿದು ದುಡಿಯುವ ಜನ.

ಒಂದನೆಯ ಆಕ್ಷೇಪ: “ಇದೆಲ್ಲ ಶೋಕಿ. ಚಿತ್ರನಗರಿಯ ಪಕ್ಕದಲ್ಲಿದ್ದು ನಟನಟಿಯರ ಚಟ ನಮ್ಮ ಮಕ್ಕಳಿಗೂ ಅಂಟಿದೆ.”

ಹುಟ್ಟಿನಿಂದ ಇದ್ದ ಮೂಗು ಹಿಡಿಸದೆ ಬೇರೆ ರೂಪ ಬಯಸುವವರ ಬಗ್ಗೆ ನಾನು ಮಾತಾಡಿಲ್ಲ. ಪೆಟ್ಟಿನಿಂದ ಕಳೆದುಕೊಂಡ ತಮ್ಮದೇ ಮೂಗನ್ನು ಮರಳಿ ಕೇಳುವವರ ಬಗ್ಗೆ ಮಾತಾಡಿದ್ದೇನೆ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ನಮ್ಮ ಕಾನೂನು ಹಾಗೆ ಹಾಕುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 116ನೆಯ ಕಲಮು ಘೋರ ಗಾಯಗಳನ್ನು ಪಟ್ಟಿ ಮಾಡುತ್ತದೆ. ಅದರಲ್ಲಿ ಎಲುಬು ಮುರಿತವೂ ಇದೆ, ತಲೆ ಅಥವಾ ಮುಖ ಶಾಶ್ವತವಾಗಿ ವಿಕಾರಗೊಳ್ಳುವುದೂ ಇದೆ. ಒಬ್ಬನ ಮುಖ ಕೆಡಿಸುವುದನ್ನು ಕಾನೂನು ಘೋರವೆಂದು ಕರೆದ ಮೇಲೆ, ಕೆಟ್ಟ ಮುಖವನ್ನು ಸರಿಪಡಿಸಿ ಎಂದು ಅವನು ಕೇಳಿದಾಗ ನಾವು ಶೋಕಿ ಎನ್ನುವುದು ಹೇಗೆ?

ಲಾಭನಷ್ಟದ ಕಣ್ಣಿನಿಂದಲೇ ನೋಡುವ ವಿಮಾ ಲೋಕವೂ ಈ ವ್ಯತ್ಯಾಸವನ್ನು ಒಪ್ಪಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ಆರೋಗ್ಯ ವಿಮೆಗಳಿಗೆ ಏಕರೂಪವಾಗಿ ನಿಗದಿಪಡಿಸಿದ, 2020ರಿಂದ ಜಾರಿಯಲ್ಲಿರುವ ಷರತ್ತುಗಳ ಪ್ರಕಾರ ಸೌಂದರ್ಯಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ವಿಮೆ ಸಿಗುವುದಿಲ್ಲ. ಆದರೆ ಅಪಘಾತ, ಸುಟ್ಟಗಾಯ ಮತ್ತು ಕ್ಯಾನ್ಸರ್‌ನ ನಂತರದ ಪುನರ್‌ನಿರ್ಮಾಣಕ್ಕೆ ಅದೇ ಷರತ್ತಿನಲ್ಲಿ ವಿನಾಯಿತಿ ಇದೆ. ಕಂಪನಿಗಳು ಕೊಡಲು ಒಪ್ಪಿದ್ದನ್ನು ನಮ್ಮ ನಮ್ಮೊಳಗಿನ ನೆರವು ನಿರಾಕರಿಸಿದರೆ ನಾವು ಕಂಪನಿಗಳಿಗಿಂತ ಕಟುವಾದಂತೆ.

ಇನ್ನು ಚಿತ್ರನಗರಿಯ ಮಾತು. ಅದು ಗೋರೆಗಾಂವ್‌ಗೆ ಬಂದದ್ದು 1970ರ ದಶಕದಲ್ಲಿ. ಮೂಗನ್ನು ಮರಳಿ ಪಡೆಯುವ ವಿದ್ಯೆ ಈ ನೆಲದಲ್ಲಿ ಅದಕ್ಕಿಂತ ಎಷ್ಟೋ ಶತಮಾನ ಹಳೆಯದು. ಕೆನ್ನೆಯ ಚರ್ಮವನ್ನು ಮೇಲೆತ್ತಿ ಮೂಗಿಗೆ ಕೂರಿಸುವ ಕ್ರಮವನ್ನು ಸುಶ್ರುತ ಸಂಹಿತೆ ವಿವರಿಸಿದೆ. ನಮ್ಮ ಕನ್ನಡ ನಾಡಿಗೂ ಮುಂಬಯಿಗೂ ಸೇರಿದ ಇನ್ನೊಂದು ಪ್ರಸಂಗವಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತು ಹೊಡೆಯುತ್ತಿದ್ದ ಕಾವಸ್‌ಜೀ ಎಂಬಾತ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಶ್ರೀರಂಗಪಟ್ಟಣದ ಬಳಿ ಅವನು ಮುಂಬಯಿ ಸೇನೆಯನ್ನು ಸೇರಿಕೊಂಡ. ಈಸ್ಟ್ ಇಂಡಿಯಾ ಕಂಪನಿಯಿಂದ ಪಿಂಚಣಿಯೂ ಸಿಕ್ಕಿತು. ಮೂಗಿಲ್ಲದೆ ಸುಮಾರು ಒಂದು ವರ್ಷ ಕಳೆದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದ ಒಬ್ಬಾತ ಹಣೆಯ ಚರ್ಮ ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿದ. ಮುಂಬಯಿ ಪ್ರಾಂತದ ಇಬ್ಬರು ಇಂಗ್ಲಿಷ್ ವೈದ್ಯರು ಅದನ್ನು ಕಣ್ಣಾರೆ ಕಂಡರು. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಅದನ್ನು ಚಿತ್ರಸಮೇತ ಅಚ್ಚು ಹಾಕಿತು. ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಈ ಕ್ರಮವನ್ನು ಮಾಡಿ ನೋಡಿ 1816ರಲ್ಲಿ ಪುಸ್ತಕ ಬರೆದ ಮೇಲೆ ಯುರೋಪ್ ಇದನ್ನು ಕಲಿಯಿತು. ಆ ಗಾಡಿಯಾಳಿಗೆ ಇದು ಶೋಕಿಯಾಗಿತ್ತು ಎಂದು ಯಾರಾದರೂ ಹೇಳಬಲ್ಲರೇ?

ಎರಡನೆಯ ಆಕ್ಷೇಪ: “ಮುರಿದ ದಿನಗಳಲ್ಲೇ ಆಸ್ಪತ್ರೆಯಲ್ಲಿ ಕೂರಿಸಿ ಕಳಿಸಿದ್ದಾರಲ್ಲ. ಮತ್ತೆ ಆಪರೇಷನ್ ಎಂದರೆ ಒಂದೋ ಡಾಕ್ಟರ ತಪ್ಪು, ಇಲ್ಲ ರೋಗಿಯ ಹಟ.”

ಬಹಳ ಸಲ ಎರಡೂ ಅಲ್ಲ. ಮೂಗಿನ ಮೇಲಿನ ಮೂರನೆಯ ಒಂದು ಭಾಗ ಮಾತ್ರ ಎಲುಬು. ಉಳಿದದ್ದು ಮೃದ್ವಸ್ಥಿ. ಒಳಗೆ ಎರಡು ಹೊಳ್ಳೆಗಳ ಮಧ್ಯೆ ನಡುಗೋಡೆ ಇದೆ, ಅದರ ಮುಂಭಾಗವೂ ಮೃದ್ವಸ್ಥಿಯೇ. ಪೆಟ್ಟು ಬಿದ್ದ ಮೊದಲ ಒಂದೆರಡು ವಾರಗಳಲ್ಲಿ ಮಾಡುವುದು ಕೊಯ್ಯದೆ ಎಲುಬನ್ನು ಎತ್ತಿ ಕೂರಿಸುವ ಕೆಲಸ. ಅದಕ್ಕೂ ಬಾವು ಇಳಿಯಬೇಕು, ಅಂದರೆ ಮೂರರಿಂದ ಐದು ದಿನ ಕಾಯಬೇಕು. ದೊಡ್ಡವರಲ್ಲಿ ಎರಡು ವಾರ ದಾಟಿದರೆ ಎಲುಬು ವಕ್ರವಾಗಿಯೇ ಕೂಡಿಕೊಳ್ಳತೊಡಗುತ್ತದೆ. ಮಕ್ಕಳಲ್ಲಿ ಇನ್ನೂ ಬೇಗ. ಇಷ್ಟು ಚಿಕ್ಕ ಅವಧಿಯಲ್ಲಿ ಎಲುಬನ್ನು ಎಷ್ಟೇ ಚೆನ್ನಾಗಿ ಕೂರಿಸಿದರೂ ಒಳಗಿನ ನಡುಗೋಡೆ ಬಿರಿದು ಬಾಗಿದ್ದರೆ, ನಡುಗಂಬ ವಾಲಿದ ಗುಡಾರದಂತೆ ಮೂಗು ಮತ್ತೆ ಅದೇ ಕಡೆಗೆ ವಾಲುತ್ತದೆ. ಹೀಗೆ ಕೂರಿಸಿದ ನಂತರವೂ ವಕ್ರತೆ ಉಳಿದವರ ಪ್ರಮಾಣ ವೈದ್ಯಕೀಯ ಬರಹಗಳಲ್ಲಿ ಶೇಕಡ 14ರಿಂದ 50ರವರೆಗೆ ಕಾಣಸಿಗುತ್ತದೆ. ಇಷ್ಟೊಂದು ಜನರ ವಿಷಯದಲ್ಲಿ ಡಾಕ್ಟರನ್ನೋ ರೋಗಿಯನ್ನೋ ದೂಷಿಸುವುದು ಸಲ್ಲದು. ಗಾಯದ ಸ್ವಭಾವವೇ ಹಾಗಿದೆ. ಅದಕ್ಕಾಗಿಯೇ ಮೂರರಿಂದ ಆರು ತಿಂಗಳು ಕಾದು, ಅಂಗಾಂಶ ಗಟ್ಟಿಯಾದ ಮೇಲೆ, ನಡುಗೋಡೆಯನ್ನೂ ಎಲುಬನ್ನೂ ಒಟ್ಟಿಗೆ ಸರಿಪಡಿಸುವ ಎರಡನೆಯ ಶಸ್ತ್ರಚಿಕಿತ್ಸೆಯನ್ನು ವೈದ್ಯಶಾಸ್ತ್ರ ಇಟ್ಟುಕೊಂಡಿದೆ.

ನಮ್ಮವರಲ್ಲಿ ಎಷ್ಟೋ ಜನ ಆ ಮೊದಲ ಎರಡು ವಾರಗಳನ್ನೇ ಕಳೆದುಕೊಳ್ಳುತ್ತಾರೆ ಎಂಬುದನ್ನೂ ಹೇಳಬೇಕು. ರಕ್ತ ನಿಂತಿತು, ಊತ ಇಳಿದರೆ ಸರಿಹೋಗುತ್ತದೆ ಎಂದು ಹುಡುಗ ಕೆಲಸಕ್ಕೆ ಹೋಗುತ್ತಾನೆ. ರಜೆ ಕೇಳಿದರೆ ಸಂಬಳ ಹೋಗುತ್ತದೆ ಎಂಬ ಹೆದರಿಕೆ ಬೇರೆ. ಇಲ್ಲಿ ಪ್ರತಿಯೊಂದು ಮನೆಗೂ ತಿಳಿದಿರಬೇಕಾದ ಅಪಾಯವೊಂದಿದೆ. ನಡುಗೋಡೆಯ ಒಳಪದರದ ಕೆಳಗೆ ರಕ್ತ ಕಟ್ಟಿಕೊಂಡರೆ ಮೃದ್ವಸ್ಥಿಗೆ ಪೋಷಣೆ ನಿಲ್ಲುತ್ತದೆ. ಕೆಲವೇ ದಿನಗಳಲ್ಲಿ ಅದು ಕೊಳೆತು ಮೂಗಿನ ನಡು ಕುಸಿಯಬಹುದು. ಪೆಟ್ಟಿನ ನಂತರ ಎರಡೂ ಹೊಳ್ಳೆ ಕಟ್ಟಿಕೊಂಡು ನೋವು ಏರುತ್ತಿದ್ದರೆ, ಅಥವಾ ಮೂಗಿನಿಂದ ನೀರಿನಂಥ ತಿಳಿ ದ್ರವ ಇಳಿಯುತ್ತಿದ್ದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಇದನ್ನು ತಿಳಿಸಿ ಹೇಳುವವರಿಲ್ಲದೆ ಮೂಗು ಕಳೆದುಕೊಂಡವನನ್ನು ಹಟಮಾರಿ ಎನ್ನಬೇಡಿ.

ಮೂರನೆಯ ಆಕ್ಷೇಪ: “ಉಸಿರಾಟಕ್ಕೆ ಬೇಕಾದರೆ ಕೊಡೋಣ. ರೂಪಕ್ಕೆ ಒಂದು ರೂಪಾಯಿಯೂ ಬೇಡ.”

ಕೇಳಲು ನ್ಯಾಯವಾಗಿರುವ ಮಾತು. ಆದರೆ ಮೂಗಿನಲ್ಲಿ ಈ ಎರಡನ್ನು ಬೇರೆ ಮಾಡಲು ಬರುವುದಿಲ್ಲ. ಉಸಿರಿನ ಇಡೀ ದಾರಿಯಲ್ಲಿ ಗಾಳಿಗೆ ಎದುರಾಗುವ ಒಟ್ಟು ತಡೆಯ ಸುಮಾರು ಅರ್ಧ ಭಾಗ ಮೂಗಿನಲ್ಲೇ ಇದೆ. ಅದರಲ್ಲೂ ಎಲ್ಲಕ್ಕಿಂತ ಇಕ್ಕಟ್ಟಾದ ಜಾಗ ನಡುಗೋಡೆಗೆ ಪಕ್ಕದ ಮೃದ್ವಸ್ಥಿ ಬಂದು ಸೇರುವ ಮೂಲೆ. ಆ ಮೂಲೆಯ ಕೋನ ಬರೀ 10ರಿಂದ 15 ಡಿಗ್ರಿ. ಹೊರಗೆ ಮೂಗಿನ ನಡು ಕುಸಿದರೆ ಅಥವಾ ಪಕ್ಕಕ್ಕೆ ಸರಿದರೆ ಒಳಗೆ ಆ ಮೂಲೆ ಮುಚ್ಚಿಕೊಳ್ಳುತ್ತದೆ. ಹೊರಗಿನ ಗೆರೆ ನೇರ ಮಾಡದೆ ಒಳಗಿನ ದಾರಿ ತೆರೆಯಲು ಬಹಳ ಸಲ ಆಗುವುದೇ ಇಲ್ಲ. ಶಸ್ತ್ರವೈದ್ಯರು ಎರಡನ್ನೂ ಒಂದೇ ಸಲ ಮಾಡುವುದು ಈ ಕಾರಣಕ್ಕೆ. ಬಿಲ್ಲಿನಲ್ಲಿ ಇಷ್ಟು ಉಸಿರಿನದು, ಇಷ್ಟು ರೂಪದ್ದು ಎಂದು ಗೆರೆ ಎಳೆಯಲು ಹೊರಟರೆ ನಾವು ಶರೀರಕ್ಕೆ ಗೊತ್ತಿಲ್ಲದ ವಿಭಾಗವನ್ನು ಮಾಡಿದಂತಾಗುತ್ತದೆ.

ಇರಲಿ, ಉಸಿರಾಟ ಚೆನ್ನಾಗಿಯೇ ಇದೆ, ಮುಖ ಮಾತ್ರ ಕೆಟ್ಟಿದೆ ಎನ್ನೋಣ. ಆಗಲೂ ನಾನು ನೆರವಿನ ಪರ. ಗಂಡನ ಏಟಿಗೆ ಮೂಗು ವಕ್ರವಾದ ಹೆಂಗಸು ಪ್ರತಿ ಬೆಳಗ್ಗೆ ಕನ್ನಡಿಯಲ್ಲಿ ಆ ಏಟನ್ನು ನೋಡುತ್ತಾಳೆ. ಕೆಲಸ ಕೇಳಿಕೊಂಡು ಹೋದ ಹುಡುಗನನ್ನು ನೋಡಿದ ಕೂಡಲೇ ಇವನು ಜಗಳಗಂಟ ಎಂದು ಎದುರಿನವರು ತೀರ್ಮಾನಿಸುತ್ತಾರೆ. ಗಲ್ಲಾದಲ್ಲಿ ಕೂರುವವನನ್ನು, ಗಿರಾಕಿಗಳ ಎದುರು ನಿಲ್ಲುವವನನ್ನು ಮಾಲೀಕ ಒಳಗಿನ ಕೆಲಸಕ್ಕೆ ಕಳಿಸಿಬಿಡಬಹುದು. ಮುಖವೆಂದರೆ ಮನುಷ್ಯ ಲೋಕದ ಎದುರು ನಿಲ್ಲುವ ಬಗೆ. ಅದನ್ನು ಮರಳಿ ಕೊಡುವುದು ಚಿಕಿತ್ಸೆಯೇ.

ನಾಲ್ಕನೆಯ ಆಕ್ಷೇಪ: “ತೃಪ್ತಿ ಎಂಬುದು ಅಳತೆಯಲ್ಲ. ಆಪರೇಷನ್ ಸರಿಯಾಯಿತೇ ಎಂದು ಹೇಳಬೇಕಾದವರು ಡಾಕ್ಟರು, ರೋಗಿಯಲ್ಲ.”

ಇದು ವೈದ್ಯಮಿತ್ರರಿಂದ ಬಂದ ಮಾತು. ನನ್ನ ವಾದದ ಬುಡಕ್ಕೇ ತಾಗುವ ಮಾತೂ ಹೌದು. ಆದ್ದರಿಂದ ಇದಕ್ಕೆ ವಿವರವಾಗಿ ಉತ್ತರಿಸುತ್ತೇನೆ.

ಅವರ ವಾದ ಹೀಗಿದೆ: ಮೂಗಿನೊಳಗಿನ ಗಾಳಿಯ ಒತ್ತಡ ಮತ್ತು ಹರಿವನ್ನು ಅಳೆಯುವ ಯಂತ್ರಗಳಿವೆ. ರೋಗಿಯ ಅನಿಸಿಕೆ ಆ ಅಳತೆಗೆ ಅನೇಕ ಸಲ ತಾಳೆಯಾಗುವುದಿಲ್ಲ. ಮೆಂಥಾಲ್ ಮೂಸಿದರೆ ಮೂಗು ತೆರೆದಂತೆ ಅನಿಸುತ್ತದೆ, ಯಂತ್ರದಲ್ಲಿ ನೋಡಿದರೆ ದಾರಿ ಮೊದಲಿನಷ್ಟೇ ಇರುತ್ತದೆ. ಹೀಗಿರುವಾಗ ಅನಿಸಿಕೆಯನ್ನು ನಂಬುವುದು ಹೇಗೆ?

ಮೆಂಥಾಲಿನ ವಿಷಯ ಸತ್ಯ. ಆದರೆ ಅದು ನನ್ನ ಕಡೆಯ ಸಾಕ್ಷಿ. ಮೂಗಿನಲ್ಲಿ ಗಾಳಿ ಆಡುತ್ತಿದೆ ಎಂಬ ಅರಿವು ಮೆದುಳಿಗೆ ಮುಟ್ಟುವುದು ಒಳಪದರ ತಂಪಾಗುವುದರ ಮೂಲಕ. ತಂಪನ್ನು ಗುರುತಿಸುವ ನರದ ತುದಿಗಳನ್ನೇ ಮೆಂಥಾಲ್ ಕೆಣಕುತ್ತದೆ. ಅಂದರೆ ಉಸಿರಾಟದ ನೆಮ್ಮದಿ ದಾರಿಯ ಅಗಲವೊಂದರಿಂದ ಬರುವುದಿಲ್ಲ, ಒಳಪದರವೂ ನರಗಳೂ ಕ್ಷೇಮವಾಗಿರಬೇಕು. ಇದನ್ನು ಮರೆತದ್ದರ ಫಲವನ್ನು ವೈದ್ಯಲೋಕ ಕಂಡಿದೆ. ಮೂಗಿನೊಳಗಿನ ಸುರುಳಿ ಎಲುಬುಗಳನ್ನು ಮಿತಿಮೀರಿ ಕತ್ತರಿಸಿದಾಗ ದಾರಿ ವಿಶಾಲವಾಗಿ ತೆರೆದಿದ್ದರೂ ಕೆಲವರು ಉಸಿರುಕಟ್ಟಿದಂತೆ ನರಳುತ್ತಾರೆ. ಖಾಲಿ ಮೂಗಿನ ತೊಂದರೆ ಎಂಬ ಅರ್ಥದ ಹೆಸರು ಅದಕ್ಕೆ 1990ರ ದಶಕದಲ್ಲಿ ಬಂತು. ಬರೀ ತೆರೆದ ದಾರಿಯನ್ನು ನೋಡಿದರೆ ಅಂಥವರ ಆಪರೇಷನ್ ಯಶಸ್ವಿ. ಆ ಮೂಗನ್ನು ಹೊತ್ತು ರಾತ್ರಿ ಕಳೆಯುವವರಿಗೆ ಅದು ಹಿಂಸೆ. ಹಾಗಾದರೆ ಯಾರ ತೀರ್ಪು ನಿಜಕ್ಕೆ ಹತ್ತಿರ?

ತೃಪ್ತಿಯನ್ನು ಅಳೆಯಲಾಗದು ಎಂಬ ಮಾತೂ ಇಂದು ನಿಲ್ಲುವುದಿಲ್ಲ. ಮೂಗಿಗೆ ಸಂಬಂಧಿಸಿದ ಪ್ರಶ್ನಾವಳಿಗಳು ವೈದ್ಯರ ಕೈಯಲ್ಲಿ ಕಾಲು ಶತಮಾನದಿಂದ ಇವೆ. 2000ದಲ್ಲಿ ಬಂದ ಒಂದರಲ್ಲಿ ಆರು ಪ್ರಶ್ನೆಗಳು: ಮೂಗಿನ ರೂಪ ನಿಮಗೆ ಹಿಡಿಸಿದೆಯೇ, ಉಸಿರಾಟ ಹೇಗಿದೆ, ಹತ್ತಿರದವರಿಗೆ ಹಿಡಿಸಿದೆ ಅನಿಸುತ್ತದೆಯೇ, ಮೂಗಿನಿಂದಾಗಿ ಜನರ ನಡುವೆ ಅಥವಾ ಕೆಲಸದಲ್ಲಿ ತೊಡಕಾಗುತ್ತಿದೆಯೇ, ಇದಕ್ಕಿಂತ ಚೆನ್ನಾಗಿರಲು ಸಾಧ್ಯವಿರಲಿಲ್ಲ ಎಂಬ ನಂಬಿಕೆ ಇದೆಯೇ, ಮತ್ತೆ ಬದಲಿಸಬೇಕೆನಿಸುತ್ತದೆಯೇ. 2004ರಲ್ಲಿ ಅಮೆರಿಕದ ವೈದ್ಯರು ರೂಪಿಸಿದ ಇನ್ನೊಂದರಲ್ಲಿ ಐದೇ ಪ್ರಶ್ನೆ: ಕಟ್ಟಿದಂತಿರುವುದು, ಅಡ್ಡಿ, ಉಸಿರೆಳೆಯುವ ಕಷ್ಟ, ನಿದ್ದೆಯ ತೊಂದರೆ, ದುಡಿಯುವಾಗ ಗಾಳಿ ಸಾಲದಿರುವುದು. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು ಅಂಕ, ಒಟ್ಟನ್ನು ಐದರಿಂದ ಗುಣಿಸಿದರೆ ನೂರರ ಅಳತೆ. ಅದೇ ವರ್ಷ ಪ್ರಕಟವಾದ ಅಧ್ಯಯನದಲ್ಲಿ ನಡುಗೋಡೆ ಸರಿಪಡಿಸಿಕೊಂಡ 59 ಜನರ ಸರಾಸರಿ ತೊಂದರೆ 67.5ರಿಂದ ಮೂರು ತಿಂಗಳಲ್ಲಿ 23.1ಕ್ಕೆ ಇಳಿಯಿತು. ಆರು ತಿಂಗಳಲ್ಲೂ ಅದು ಹಾಗೆಯೇ ಉಳಿಯಿತು. ರೋಗಿಗಳ ತೃಪ್ತಿ ಬಹಳ ಹೆಚ್ಚಿತ್ತು, ಮೂಗಿಗೆ ಬಳಸುತ್ತಿದ್ದ ಔಷಧಿಯೂ ಕಡಿಮೆಯಾಯಿತು.

ಇನ್ನೂ ದೊಡ್ಡ ಉದಾಹರಣೆ ಬ್ರಿಟನ್ನಿನದು. ನಡುಗೋಡೆ ಬಾಗಿದವರಿಗೆ ಆಪರೇಷನ್ ಒಳ್ಳೆಯದೋ ಮೂಗಿಗೆ ಸಿಂಪಡಿಸುವ ಔಷಧಿಯೇ ಸಾಕೋ ಎಂದು 378 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿಸಿ ಪರೀಕ್ಷಿಸಿದರು. 2023ರಲ್ಲಿ ಫಲಿತಾಂಶ ಬಂತು. ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚುವ, 110ರವರೆಗಿನ ಅಳತೆಯಲ್ಲಿ ಆರು ತಿಂಗಳ ನಂತರ ಆಪರೇಷನ್ ಆದವರ ಸರಾಸರಿ 19.9, ಔಷಧಿಯವರದು 39.5. ಈ ಎರಡು ಅಧ್ಯಯನಗಳೂ ಬಾಗಿದ ನಡುಗೋಡೆಯವು, ಪೆಟ್ಟಿನಿಂದ ಮುರಿದ ಮೂಗುಗಳಿಗೆ ಮಾತ್ರ ಸೀಮಿತವಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ನನಗೆ ಮುಖ್ಯವಾದದ್ದು ಆ ಪರೀಕ್ಷೆಯ ಕ್ರಮ. ಯಾವ ಚಿಕಿತ್ಸೆ ಗೆದ್ದಿತು ಎಂಬ ಮುಖ್ಯ ತೀರ್ಮಾನಕ್ಕೆ ಅವರು ಇಟ್ಟುಕೊಂಡದ್ದು ರೋಗಿ ತನ್ನ ಕೈಯಾರೆ ಗುರುತು ಹಾಕಿದ 22 ಪ್ರಶ್ನೆಗಳ ಹಾಳೆಯನ್ನು. ಬ್ರಿಟನ್ನಿನ ವೈದ್ಯರು ರೋಗಿಯ ಮಾತಿನ ಮೇಲೆ ವಿಜ್ಞಾನ ಕಟ್ಟಬಹುದಾದರೆ, ಗೋರೆಗಾಂವ್‌ನಲ್ಲಿ ನಾವು ಅದೇ ಮಾತನ್ನು ಕೇಳಲಾರೆವೇ?

ಡಾಕ್ಟರರ ಕಣ್ಣು ಬೇಡ ಎಂದು ನಾನು ಹೇಳುತ್ತಿಲ್ಲ. ಎಲುಬು ಕೂಡಿದೆಯೇ, ಸೋಂಕಿದೆಯೇ, ನಡುಗೋಡೆಯಲ್ಲಿ ತೂತಾಗಿದೆಯೇ ಎಂಬುದನ್ನು ಅವರೇ ಹೇಳಬೇಕು. ಅವರ ಬರಹದ ಪಕ್ಕದಲ್ಲಿ ರೋಗಿಯ ಉತ್ತರಕ್ಕೂ ಜಾಗವಿರಲಿ ಎನ್ನುತ್ತೇನೆ.

ಐದನೆಯ ಆಕ್ಷೇಪ: “ಅತೃಪ್ತರು ಎಂದಿಗೂ ಅತೃಪ್ತರೇ. ಕೇಳಿದಷ್ಟೂ ದೂರು ಬೆಳೆಯುತ್ತದೆ.”

ಇದರಲ್ಲಿ ಒಂದಂಶ ನಿಜವಿದೆ. ತನ್ನ ರೂಪದಲ್ಲಿ ಇಲ್ಲದ ಅಥವಾ ತೀರ ಸಣ್ಣ ದೋಷವನ್ನೇ ಹಗಲಿರುಳು ಚಿಂತಿಸಿ ಬಳಲುವ ಮಾನಸಿಕ ಕಾಯಿಲೆ ಇದೆ. ಅಂಥವರಿಗೆ ಚಾಕು ನೆಮ್ಮದಿ ತರುವುದಿಲ್ಲ, ಮನೋವೈದ್ಯರ ನೆರವು ಬೇಕು. ಅದನ್ನು ಮೊದಲೇ ಗುರುತಿಸುವುದು ಒಳ್ಳೆಯ ಶಸ್ತ್ರವೈದ್ಯರ ಕರ್ತವ್ಯ. ಆದರೆ ಗುರುತಿಸುವುದು ಹೇಗೆ? ಪ್ರಶ್ನೆ ಕೇಳಿಯೇ ತಾನೇ?

ಮೂಗು ಮುರಿದವರ ವಿಷಯದಲ್ಲಿ ನಮಗೊಂದು ಅನುಕೂಲವಿದೆ. ಅವರು ಬಯಸುವುದು ಕಲ್ಪನೆಯ ಮೂಗಲ್ಲ. ಪೆಟ್ಟಿಗೆ ಮುಂಚಿನ ಫೋಟೊ ಮನೆಯಲ್ಲೇ ಇರುತ್ತದೆ, ಮದುವೆಯದೋ ಶಾಲೆಯದೋ ಮೊಬೈಲಿನದೋ. ಅದನ್ನು ಮುಂದಿಟ್ಟುಕೊಂಡು ಡಾಕ್ಟರು ಇಷ್ಟು ಮರಳಿ ಬರುತ್ತದೆ, ಇಷ್ಟು ಬರುವುದಿಲ್ಲ ಎಂದು ಮೊದಲೇ ಹೇಳಿದರೆ ಆಮೇಲಿನ ನಿರಾಶೆಗೆ ಜಾಗ ಕಡಿಮೆ. ಅತೃಪ್ತಿಯ ದೊಡ್ಡ ಪಾಲು ಹುಟ್ಟುವುದು ಹೇಳದೆ ಉಳಿದ ಮಾತುಗಳಿಂದ. ಊತ ಪೂರ್ತಿ ಇಳಿದು ಮೂಗಿನ ತುದಿ ನೆಲೆಗೊಳ್ಳಲು ಒಂದು ವರ್ಷ ಹಿಡಿಯಬಹುದು. ಕೆಲವರಿಗೆ ಇನ್ನೊಮ್ಮೆ ತಿದ್ದಬೇಕಾಗಬಹುದು. ಇವನ್ನು ತಿಳಿಯದವನು ಎರಡನೆಯ ತಿಂಗಳಲ್ಲೇ ಮೋಸಹೋದೆ ಅಂದುಕೊಳ್ಳುತ್ತಾನೆ. ತಿಳಿದವನು ಕಾಯುತ್ತಾನೆ. ಆದ್ದರಿಂದ ಆಪರೇಷನ್‌ಗೆ ಮೊದಲು, ಮೂರು ತಿಂಗಳಿಗೆ ಮತ್ತು ವರ್ಷಕ್ಕೆ ಎಂದು ಮೂರು ಸಲ ಕೇಳಬೇಕು. ಎಲ್ಲರನ್ನೂ ಕೇಳದೆ ದೂರು ತಂದವರ ಮಾತನ್ನಷ್ಟೇ ಕೇಳಿಸಿಕೊಳ್ಳುವುದರಿಂದಲೇ ಅತೃಪ್ತರು ಹೆಚ್ಚೆಂದು ತೋರುತ್ತದೆ. ಉಸಿರು ಸರಾಗವಾಗಿ ಕೆಲಸಕ್ಕೆ ಮರಳಿದವನು ಹೇಳಿಕೊಳ್ಳಲು ಯಾರ ಬಳಿಗೂ ಬರುವುದಿಲ್ಲ.

ಆರನೆಯ ಆಕ್ಷೇಪ: “ನಮ್ಮಲ್ಲಿರುವುದು ಸಣ್ಣ ನಿಧಿ. ಡಯಾಲಿಸಿಸ್, ಕ್ಯಾನ್ಸರ್ ಬಿಟ್ಟು ಮೂಗಿಗೆ ಕೊಡಬೇಕೇ? ಮುನಿಸಿಪಾಲಿಟಿ ಆಸ್ಪತ್ರೆಗಳಿಲ್ಲವೇ?”

ಲೆಕ್ಕ ನೋಡುವವರ ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಜೀವ ಉಳಿಸುವುದಕ್ಕೆ ಮೊದಲ ಸ್ಥಾನ, ಅದರಲ್ಲಿ ವಾದವಿಲ್ಲ. ಆಸ್ಪತ್ರೆಗಳೂ ಇವೆ. ಜೂಹುವಿನ ಕೂಪರ್, ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್‌ನ ನಾಯರ್, ಸಾಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಗಳಲ್ಲಿ ಕಿವಿ, ಮೂಗು, ಗಂಟಲಿನ ವಿಭಾಗಗಳಿವೆ. ಖಾಸಗಿ ಆಸ್ಪತ್ರೆಯ ದೊಡ್ಡ ಬಿಲ್ಲು ಕಟ್ಟಿ ಎಂದು ನಾನು ಕೇಳಿಯೇ ಇಲ್ಲ.

ಸಾರ್ವಜನಿಕ ಆಸ್ಪತ್ರೆಗೆ ಹೋಗುವವನಿಗೆ ಕಡಿಮೆಬೀಳುವುದು ಬೇರೆ ಸಂಗತಿಗಳು. ಹೊರರೋಗಿ ವಿಭಾಗದ ಸಾಲಿಗಾಗಿ ದುಡಿಮೆಯ ದಿನಗಳು ಹೋಗುತ್ತವೆ. ಆಪರೇಷನ್ ಆದ ಮೇಲೆ ಕೆಲವು ವಾರ ಭಾರ ಎತ್ತಬಾರದು, ಒಲೆಯ ಮುಂದೆ ನಿಂತು ಬೇಯಬಾರದು, ಕಬಡ್ಡಿಯಂಥ ಆಟ ಇನ್ನೂ ಹೆಚ್ಚು ಕಾಲ ಬೇಡ. ಹೋಟೆಲಿನಲ್ಲೇ ದುಡಿದು ಅಲ್ಲೇ ಮಲಗುವ ಹುಡುಗನಿಗೆ ಅಷ್ಟು ದಿನ ಮಲಗಲು ಜಾಗವೆಲ್ಲಿ? ಊರಿಂದ ಹೊಸದಾಗಿ ಬಂದವನಾದರೆ ಹಿಂದಿ, ಮರಾಠಿಯಲ್ಲಿ ತನ್ನ ತೊಂದರೆ ಹೇಳಿಕೊಳ್ಳಲು ತಡವರಿಸುತ್ತಾನೆ. ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಬರುತ್ತಾನೆ. ಈ ಕೊರತೆಗಳನ್ನು ತುಂಬಲು ಲಕ್ಷಗಳು ಬೇಕಿಲ್ಲ. ಜೊತೆಗೆ ಹೋಗುವ ಒಬ್ಬರು, ಕೆಲವು ವಾರದ ಕೂಲಿ, ಉಳಿಯಲು ಒಂದು ಕೋಣೆ ಸಾಕು. ವಿಮೆ ಇದ್ದವರ ವಿಷಯದಲ್ಲಿ ಅಪಘಾತದ ವಿನಾಯಿತಿಯನ್ನು ತೋರಿಸಿ ಅರ್ಜಿ ಬರೆದುಕೊಡುವವರು ಸಿಕ್ಕರೆ ನಿಧಿಯಿಂದ ಹಣವೂ ಬೇಕಾಗಲಿಕ್ಕಿಲ್ಲ. ಮೊದಲ ದಿನದ ಆಸ್ಪತ್ರೆ ಚೀಟಿ, ಪೊಲೀಸ್ ದಾಖಲೆ, ಗಾಯದ ಫೋಟೊ ಜೋಪಾನವಾಗಿಡಿ ಎಂದು ಹೇಳುವುದೇ ದೊಡ್ಡ ನೆರವು.

ಕೊಟ್ಟ ಹಣ ಸಾರ್ಥಕವಾಯಿತೇ ಎಂದು ಕೇಳುವ ಹಕ್ಕು ದಾನಿಗಳಿಗಿದೆ. ಅದಕ್ಕೂ ಉತ್ತರ ಸಿಗುವುದು ನಾನು ಹೇಳುವ ಹಾಳೆಯಿಂದಲೇ. ಆಪರೇಷನ್ ಆಯಿತು ಎಂಬ ರಸೀದಿ ಖರ್ಚನ್ನು ತೋರಿಸುತ್ತದೆ, ಫಲವನ್ನು ತೋರಿಸುವುದಿಲ್ಲ.

ಆದ್ದರಿಂದ ನನ್ನ ಕೋರಿಕೆಯನ್ನು ಇನ್ನಷ್ಟು ಖಚಿತವಾಗಿ ಮುಂದಿಡುತ್ತೇನೆ. ಮೂಗಿಗೆ ಪೆಟ್ಟಾದವರನ್ನು ಮೊದಲ ವಾರದಲ್ಲೇ ಆಸ್ಪತ್ರೆಗೆ ಕರೆದೊಯ್ಯಲು ನಮ್ಮಲ್ಲಿ ಇಬ್ಬರು ಮೂವರು ಸಿದ್ಧರಿರಲಿ. ಆರು ತಿಂಗಳ ನಂತರವೂ ತೊಂದರೆ ಉಳಿದವರಿಗೆ ಎರಡನೆಯ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಕೂಲಿ ಮತ್ತು ವಸತಿಯ ನೆರವು ಸಿಗಲಿ. ಉಸಿರಾಟ, ನಿದ್ದೆ, ಕೆಲಸ, ಮುಖ ಎಂಬ ನಾಲ್ಕರ ಬಗ್ಗೆ ಒಂದೊಂದು ಪ್ರಶ್ನೆಯುಳ್ಳ ಕನ್ನಡದ ಒಂದು ಹಾಳೆ ಸಿದ್ಧವಾಗಲಿ. ಅದನ್ನು ಮೂರು ಸಲ ತುಂಬಿಸಿ, ಹೆಸರಿಲ್ಲದೆ, ವರ್ಷದ ಲೆಕ್ಕಪತ್ರದ ಜೊತೆಗೆ ಎಲ್ಲರ ಮುಂದಿಡೋಣ. ಎರಡು ಮೂರು ವರ್ಷದ ಹಾಳೆಗಳನ್ನು ಓದಿದ ಮೇಲೆ ಇದರಿಂದ ನಮ್ಮವರಿಗೆ ಪ್ರಯೋಜನವಾಗಿಲ್ಲ ಎಂದು ಕಂಡರೆ, ನೆರವು ನಿಲ್ಲಿಸುವ ನಿರ್ಣಯಕ್ಕೆ ನಾನೂ ಕೈ ಎತ್ತುತ್ತೇನೆ. ಆ ಹಾಳೆಗಳನ್ನು ತುಂಬಿಸುವ ಮೊದಲೇ, ಮೂಗು ಮುರಿದವರನ್ನು ಒಂದು ಮಾತೂ ಕೇಳದೆ, ಬೇಡ ಎಂದು ತೀರ್ಮಾನಿಸುವುದನ್ನು ಮಾತ್ರ ನಾನು ಒಪ್ಪಲಾರೆ.